ಎರಕದ ಕಾವಲಿಗೆ ಬೆಸುಗೆ

ಕೊಟ್ಟಿಗೆಹಾರದ ವೆಲ್ಡಿಂಗ್ ಸಾಹೇಬರ ಬಾಯಲ್ಲಿ ಸದಾ ಒಂದೇ ಮಾತಿತ್ತು: “ಎರಕದ ಕಬ್ಬಿಣಕ್ಕೆ ಅವಸರ ಆಗ್ಬರಲ್ಲ, ಅಕ್ಕ.”

ಅತ್ತೆ ಹೊರನಾಡಿನ ದೇವಿಯ ದರ್ಶನಕ್ಕೆ ಹೋಗಿದ್ದಾಗ ನಾನು ಅವರ ತವರಿನ ದೋಸೆ ಕಾವಲಿಗೆ, ಕಾದಿರುವಾಗಲೇ ತಣ್ಣೀರು ಸುರಿದು ಬಿರಿಸಿಬಿಟ್ಟಿದ್ದೆ. ಸಾಹೇಬರು ಅದನ್ನು ಕೆಂಡದ ಮೇಲಿಟ್ಟು, ತಾಗಿಸಿದ ತೆಂಗಿನ ಕಡ್ಡಿ ಹೊಗೆಯಾಡುವಷ್ಟು ಕಾಯಿಸಿ ಬೆಸೆದರು. ಬಿಸಿ ಬೂದಿಯಲ್ಲಿ ಹೂತು, ನಿಧಾನ ಆರಿಸಿ, ಮರುದಿನ ತೆಗೆದು ಬೆರಳ ಗೆಣ್ಣಿನಿಂದ ತಟ್ಟಿದರು. ದೇವಿಯ ದಯೆ, ಠಣ್ ಎಂದಿತು.

“ಬೆಸುಗೆಯ ಗೆರೆ ಕಾಣದ ಹಾಗೆ ಉಜ್ಜಿಕೊಡಿ. ಅತ್ತೆಗೆ ಗೊತ್ತಾಗ್ಬಾರ್ದು,” ಎಂದೆ.

“ಉಜ್ಜಿದ್ರೆ ಮತ್ತೆ ಬಿರುಕು ಬಿಡುತ್ತೆ. ಬೆಸೆಯೋದು ನನ್ ಕೆಲ್ಸ, ಅತ್ತೆಗೆ ಹೇಳೋದು ನಿಮ್ದು,” ಎಂದು ನಕ್ಕರು.

ಹೇಳಿದೆ. ಅತ್ತೆ ಗೆರೆಯ ಮೇಲೆ ಬೆರಳಾಡಿಸಿ, ಅಟ್ಟದಿಂದ ಒಡೆದ ಬಾಣಲೆಯೊಂದನ್ನು ಇಳಿಸಿದರು.

“ಇದು ನಾನು ಒಡೆದದ್ದು ಮಾರಾಯ್ತಿ. ನಿನ್ ಮಾವನಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನೂ ಆ ಸಾಹೇಬ್ರಿಗೇ ಕೊಡು.”