ಮುನಿಯಪ್ಪನ ತೊಟ್ಟಿ

ಒಂದು ಶನಿವಾರ ಬೆಳಿಗ್ಗೆ ತ್ಯಾಗರಾಜನಗರದ ಮನೆಯಿಂದ ಹೊರಟೆ. ಅರವತ್ತರ ದಶಕದ ಕೊನೆ. ಬೆಳೆಯುತ್ತಿದ್ದ ಬೆಂಗಳೂರಿನ ಕೊಚ್ಚೆನೀರನ್ನು ಶುದ್ಧ ಮಾಡುವ ಹೊಸ ಸ್ಥಾವರವೊಂದು ಮಡಿವಾಳದ ಆಚೆ ಏಳುತ್ತಿತ್ತು. ಅಲ್ಲಿ ಇಂಜಿನಿಯರ್ ಆಗಿದ್ದ ನನ್ನ ಅಕ್ಕನ ಮಗ ನಾಗರಾಜ, "ಒಂದ್ಸಲ ಬಂದು ನೋಡಿ ಮಾವ" ಎಂದು ತಿಂಗಳಿಂದ ಕಾಡಿದ್ದ. ಕೈಚೀಲದಲ್ಲಿ ಉಪ್ಪಿಟ್ಟಿನ ಡಬ್ಬಿ ಇಟ್ಟುಕೊಂಡು, ಕರವಸ್ತ್ರಕ್ಕೆ ಎರಡು ಹನಿ ಅತ್ತರು ಹಾಕಿಕೊಂಡೆ. ಕೊಚ್ಚೆ ನೋಡಲು ಹೋಗುವವನು ಮೂಗಿನ ಬಂದೋಬಸ್ತು ಮಾಡಿಕೊಳ್ಳಬೇಡವೇ?

ಸಿದ್ದಾಪುರದ ಮೇಲೆ ಹೋಗುವ ಬಸ್ಸಿಗೆ ಇಪ್ಪತ್ತು ಪೈಸೆ ಕೊಟ್ಟು ಮಡಿವಾಳದಲ್ಲಿ ಇಳಿದೆ. ಅಲ್ಲಿಂದ ರಾಗಿ ಹೊಲಗಳ ನಡುವೆ ಎರಡು ಮೈಲಿ ನಡಿಗೆ. ಬಿಸಿಲು ಚುರುಗುಟ್ಟುತ್ತಿತ್ತು. ಅತ್ತರು ಮಾತ್ರ ದಂಡವಾಯಿತು. ಕೊಚ್ಚೆ ಇನ್ನೂ ಬಂದಿರಲಿಲ್ಲ. ಮೊದಲು ಮುಗಿದ ದುಂಡನೆಯ ತೊಟ್ಟಿ ಸೋರುತ್ತದೆಯೇ ಎಂದು ನೋಡಲು ಹಿಂದಿನ ಮಧ್ಯಾಹ್ನ ಬಾವಿಯ ತಿಳಿನೀರು ತುಂಬಿ, ಒಳಗೋಡೆಗೆ ಕೆಂಪು ಬಣ್ಣದ ಗೆರೆ ಎಳೆದಿದ್ದರು.

ನಾನು ಹೋದಾಗ ನೀರು ಆ ಗೆರೆಗಿಂತ ಎರಡು ಬೆರಳು ಕೆಳಗಿತ್ತು.

"ಎಲ್ಲೋ ಸೋರ್ತಿದೆ ಮೇಸ್ತ್ರಿ. ಒಡೆದು ಕಟ್ಬೇಕಾಗತ್ತೆ. ಮುಂದಿನ ದೊಡ್ಡ ತೊಟ್ಟಿ ಕೆಲಸ ನಿಮಗೆ ಕೊಡಿ ಅಂತ ಮೇಲಿನವ್ರನ್ನ ನಾನು ಹೆಂಗೆ ಕೇಳ್ಲಿ?" ಎಂದ ನಾಗರಾಜ.

ಮೇಸ್ತ್ರಿ ಮುನಿಯಪ್ಪ ಪಕ್ಕದ ಹಳ್ಳಿಯವನು. ಅವನು ಹೊರಗೋಡೆಯ ಸುತ್ತ ಅಂಗೈ ಸವರುತ್ತಾ ನಡೆದ. ಎಲ್ಲೂ ತೇವವಿರಲಿಲ್ಲ. "ನನ್ ಗ್ವಾಡೆ ಸೋರಲ್ಲ ಸಾರ್" ಎಂದು ಒಣ ಅಂಗೈಯನ್ನು ಚಾಚಿ ತೋರಿಸಿದ. ನನಗೆ ಸಂಕಟವಾಯಿತು.

ಅಷ್ಟರಲ್ಲಿ ಅವನ ಹೆಂಡತಿ ಚೆನ್ನಮ್ಮ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಬಂದಳು. ನಾವು ನೋಡುತ್ತಿದ್ದಂತೆಯೇ ತೊಟ್ಟಿಗೆ ಬಗ್ಗಿ, ತುಂಬಿ, ಎತ್ತಿಕೊಂಡಳು.

"ಏನಮ್ಮಾ ಇದು?" ಎಂದ ನಾಗರಾಜ.

"ನೀರು ಸಾರ್. ನೆನ್ನೆ ಸಂಜೆಯಿಂದ ಊರೆಲ್ಲಾ ಹೊತ್ಕೊಂಡ್ವಿ. ನಮ್ ಯಜಮಾನ್ರು ನೀರಿನ ತೊಟ್ಟಿ ಕಟ್ತಾವ್ರೆ ಅಂದಿದ್ರಲ್ಲ."

ಮುನಿಯಪ್ಪ ತಲೆ ತಗ್ಗಿಸಿದ. ಕೊಚ್ಚೆಗೆ ಕಟ್ಟುವುದೆಂದು ಹೇಳಲು ನಾಚಿ ಮನೆಯಲ್ಲಿ ಅರ್ಧ ಮಾತನ್ನೇ ಹೇಳಿದ್ದ ಪುಣ್ಯಾತ್ಮ. "ಇದು ಪ್ಯಾಟೆಯೋರ ಕಕ್ಕಸ್ ನೀರಿಗೆ ಕಣಮ್ಮಿ" ಎಂದ, ನೆಲ ನೋಡುತ್ತಾ.

ಚೆನ್ನಮ್ಮ ಬಿಂದಿಗೆಯನ್ನು ತೊಟ್ಟಿಯ ಅಂಚಿನ ಮೇಲೆ ಇಟ್ಟಳು. "ಅಂಗಾರೆ ಪ್ಯಾಟೆಯಿಂದ ಬಂದು ನಮ್ ಕೆರೆಗೆ ಬೀಳೋ ಆ ಗಲೀಜು ನಿಲ್ತದಾ?"

"ನಿಲ್ತದೆ."

"ಅದ್ನ ಹೇಳಕ್ಕೆ ನಾಚ್ಕೆನಾ ನಿಂಗೆ?" ಎಂದವಳೇ ಬಿಂದಿಗೆಯ ನೀರನ್ನು ತೊಟ್ಟಿಗೆ ಸುರಿದಳು.

ಮತ್ತೆ ಗೆರೆಯವರೆಗೆ ತುಂಬಿಸಿದರು. ಈ ಸಲ ನೀರು ನಿಲ್ಲುತ್ತದೆಯೇ ಎಂದು ನೋಡದೆ ಹೋಗಲು ಮನಸ್ಸು ಬರಲಿಲ್ಲ. ನಾಗರಾಜನ ತಗಡಿನ ಶೆಡ್ಡಿನಲ್ಲಿ ಮುದ್ದೆ ಸೊಪ್ಪಿನ ಸಾರು ಉಂಡು ಉಳಿದುಬಿಟ್ಟೆ. ಮರುದಿನ ಬೆಳಿಗ್ಗೆ ನಾಗರಾಜ ತೊಟ್ಟಿಯ ಅಂಚಿನಲ್ಲಿ ಬೋರಲು ಮಲಗಿ ನೋಡಿದ. ನೀರು ಗೆರೆಯಲ್ಲೇ ನಿಂತಿತ್ತು. ಮುನಿಯಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಇಂಥವರ ಕೈಗುಣದ ಮೇಲೆ ನಮ್ಮ ಊರು ನಿಂತಿದೆ ಎನ್ನಿಸಿ ನನ್ನ ಕಣ್ಣೂ ತುಂಬಿತು.

ಹೊಲದ ದಾರಿ ಹಿಡಿದು ಒಮ್ಮೆ ಹಿಂತಿರುಗಿ ನೋಡಿದೆ. ಚೆನ್ನಮ್ಮ ಊರ ಹೆಂಗಸರನ್ನು ತೊಟ್ಟಿಯ ಸುತ್ತ ನಿಲ್ಲಿಸಿಕೊಂಡಿದ್ದಳು. ಅವಳ ದನಿ ನನ್ನವರೆಗೂ ಕೇಳುತ್ತಿತ್ತು: "ಕೊಚ್ಚೆ ತೊಟ್ಟಿ ಕಣ್ರೇ. ನಮ್ ಯಜಮಾನ್ರೇ ಕಟ್ಟಿದ್ದು."