ಬಟ್ಟಲಿಗಿಂತ ದೊಡ್ಡ ಕಲೆ

ಪುತ್ತಿಗೆಯಲ್ಲಿ ಅಧ್ಯಾಪಕನಾಗಿದ್ದ ವರ್ಷಗಳಲ್ಲಿ ನಾನು ಊರಿನ ವಾಚನಾಲಯದ ವಿಜ್ಞಾನ ಬಳಗದ ಕಾರ್ಯದರ್ಶಿಯೂ ಆಗಿದ್ದೆ. ತಿಂಗಳಿಗೊಂದು ಭಾನುವಾರ ನಾವು ಒಂದು ನಂಬಿಕೆಯನ್ನೋ ಒಂದು ಚಿಕಿತ್ಸೆಯನ್ನೋ ಎತ್ತಿಕೊಂಡು ಬಹಿರಂಗವಾಗಿ ಪರಿಶೀಲಿಸುತ್ತಿದ್ದೆವು. ಪಕ್ಷಕ್ಕೂ ಪ್ರತಿಪಕ್ಷಕ್ಕೂ ಸಮಾನ ಸಮಯ, ಕೊನೆಗೆ ಸಭಿಕರ ಪ್ರಶ್ನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಈ ಕ್ರಮದಿಂದ ಒಂದು ಊರು ತನ್ನ ಬುದ್ಧಿಯನ್ನು ತಾನೇ ಹರಿತಗೊಳಿಸಿಕೊಳ್ಳಬಲ್ಲದು ಎಂದು ನಂಬಿದ್ದೆ. ಈಗಲೂ ನಂಬುತ್ತೇನೆ.

ಎರಡು ಸಾವಿರದ ಹದಿನಾಲ್ಕರ ಸುಮಾರಿಗೆ ಒಂದು ಭಾನುವಾರಕ್ಕೆ ನಾವು ಆರಿಸಿದ ವಿಷಯ ಬಟ್ಟಲು ಚಿಕಿತ್ಸೆ. ಬೆನ್ನಿನ ಮೇಲೆ ಪ್ಲಾಸ್ಟಿಕ್ ಬಟ್ಟಲು ಕವುಚಿ, ಪಂಪಿನಿಂದ ಗಾಳಿ ಎಳೆದು, ಚರ್ಮವನ್ನು ಅದರೊಳಗೆ ಉಬ್ಬಿಸುವ ಪದ್ಧತಿ ಅದು. ಗಲ್ಫಿನಿಂದ ಮರಳಿದ್ದ ಬ್ಯಾರಿ ಹಿರಿಯರೊಬ್ಬರು ತಮ್ಮ ಅತ್ತರಿನ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಇದನ್ನು ಮಾಡುತ್ತಿದ್ದರು. ಊರಿಗೆಲ್ಲ ಅವರು ಹಾಜಿಯವರು. ಸೊಂಟನೋವಿನವರು ಯಾವ ಮತದವರಾದರೂ ಅಲ್ಲಿಗೆ ಹೋಗುತ್ತಿದ್ದರು. ಚಿಕಿತ್ಸೆಯ ಪರವಾಗಿ ಮಾತನಾಡಲು ಕರೆದಾಗ ಹಾಜಿಯವರು ನಕ್ಕು ಒಪ್ಪಿಕೊಂಡರು.

ಅದನ್ನು ವಿರೋಧಿಸುವ ವಾದ ನನ್ನದು; ಅದಕ್ಕೊಂದು ಸಾಕ್ಷ್ಯ ಬೇಕಿತ್ತು. ಬಾಯಾರಿನ ಕಡೆಗೆ ಸರ್ವಿಸ್ ಜೀಪು ಓಡಿಸುತ್ತಿದ್ದ ಕೊಂಕಣಿ ಕ್ರೈಸ್ತ ಚಾಲಕರೊಬ್ಬರು ಸೊಂಟನೋವಿಗೆಂದು ಹತ್ತು ದಿನಗಳ ಹಿಂದೆ ಹಾಜಿಯವರಲ್ಲಿ ಬಟ್ಟಲು ಇಡಿಸಿಕೊಂಡಿದ್ದರು. ಅವರು ಅಂಗಿ ಎತ್ತಿ ತೋರಿಸಿದಾಗ ನನಗೆ ಕನಿಕರಕ್ಕಿಂತ ಮೊದಲು ಉತ್ಸಾಹ ಬಂತು. ಬೆನ್ನ ತುಂಬ ನೇರಳೆಗಪ್ಪು ಕಲೆಗಳು. ಚರ್ಮದಡಿಯಲ್ಲಿ ರಕ್ತ ಸೋರಿ ಹೆಪ್ಪುಗಟ್ಟಿದ್ದು ಎಂಥವರಿಗೂ ಕಾಣುತ್ತಿತ್ತು.

"ಕಾಲಲ್ಲೂ ಉಂಟು ಮಾಷ್ಟ್ರೇ," ಎಂದು ಅವರು ಪ್ಯಾಂಟಿನ ಕಾಲನ್ನು ಮೇಲೆ ಸರಿಸಿದರು. ಮೊಣಕಾಲಿನ ಕೆಳಗೆಲ್ಲ ಸೂಜಿಯ ಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. "ತುರಿಸುವುದಿಲ್ಲ, ನೋವೂ ಇಲ್ಲ. ಎಂತ ಅಂತ ಗೊತ್ತಿಲ್ಲ."

"ಕಾಲು ಬೇಡ, ಬೆನ್ನು ಸಾಕು," ಎಂದೆ. "ಕಾಲು ತೋರಿಸಿದರೆ ಸಭಿಕರ ಗಮನ ಚದುರುತ್ತದೆ."

ಅವರು ಪ್ಯಾಂಟು ಇಳಿಸಿದರು. ಆ ಕ್ಷಣ ನನ್ನ ಮನಸ್ಸಿನಲ್ಲಿದ್ದದ್ದು ವಾದದ ಒಂದು ಸರಳ ನಿಯಮ: ಒಂದೇ ಸಾಕ್ಷ್ಯ, ಅದೂ ನಿಚ್ಚಳವಾದದ್ದು. ಬಟ್ಟಲು ಮುಟ್ಟದ ಕಾಲಿನ ಚುಕ್ಕೆಗಳು ನನ್ನ ವಾದವನ್ನು ಗೊಂದಲಗೊಳಿಸುತ್ತಿದ್ದವು. ಅವುಗಳಿಗೆ ಕಾರಣ ಏನಿರಬಹುದೆಂದು ನಾನು ಕೇಳಿಕೊಳ್ಳಲಿಲ್ಲ.

ಭಾನುವಾರ ಚಾಲಕರು ಇಗರ್ಜಿಯ ಪೂಜೆ ಮುಗಿಸಿ ಇಸ್ತ್ರಿ ಹಾಕಿದ ಅಂಗಿಯಲ್ಲೇ ಬಂದರು. ವಾಚನಾಲಯ ತುಂಬಿತ್ತು. ನನ್ನ ಸರದಿ ಬಂದಾಗ ಅವರನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಬೆನ್ನು ತೋರಿಸಿ, "ಇದನ್ನು ಚಿಕಿತ್ಸೆ ಎನ್ನುವುದಾದರೆ ಗಾಯ ಎನ್ನುವುದು ಯಾವುದನ್ನು?" ಎಂದೆ. ಚಪ್ಪಾಳೆ ಬಿತ್ತು.

ಹಾಜಿಯವರು ಉತ್ತರ ಕೊಡಲು ಎದ್ದರು. ಆದರೆ ಮೇಜಿನ ಬಳಿಗೆ ಬರದೆ ನೇರವಾಗಿ ಚಾಲಕರ ಹಿಂದೆ ಹೋಗಿ ನಿಂತರು. ಬಹಳ ಹೊತ್ತು ನೋಡಿದರು. ಆಮೇಲೆ ಚೀಲದಿಂದ ಒಂದು ಬಟ್ಟಲು ತೆಗೆದು ಕಲೆಯ ಮೇಲೆ ಮೆಲ್ಲಗೆ ಹಿಡಿದರು. ಕಲೆಯು ಬಟ್ಟಲಿನ ಅಂಚನ್ನು ದಾಟಿ ನಾಲ್ಕು ಬೆರಳು ಹೊರಗೆ ಹರಡಿತ್ತು.

"ನನ್ನ ಬಟ್ಟಲು ಇಷ್ಟೇ ಮಾಷ್ಟ್ರೇ. ಕಲೆ ನೋಡಿ."

"ಅಳತೆ ತಪ್ಪಿದ ಹಾನಿಯೂ ಹಾನಿಯೇ," ಎಂದೆ. ಮತ್ತೆ ಚಪ್ಪಾಳೆ.

ಅವರು ನನ್ನತ್ತ ತಿರುಗಲಿಲ್ಲ. ನಮ್ಮ ಕಡೆ ಕೊಂಕಣಿ ಕ್ರೈಸ್ತರನ್ನು ಕರೆಯುವ ರೀತಿಯಲ್ಲಿ ಚಾಲಕರನ್ನು ಕರೆದು ಕೇಳಿದರು: "ಪೊರ್ಬುಗಳೇ, ಹಲ್ಲುಜ್ಜುವಾಗ ರಕ್ತ ಬರ್ತದಾ?"

"ಬರ್ತದೆ. ಬ್ರಶ್ ಹೊಸತು, ಹಾಗೆ ಅಂತ ಗ್ರಹಿಸಿದೆ."

"ಬೇರೆ ಎಲ್ಲಿಯಾದರೂ ಕಲೆ ಉಂಟಾ?"

ಚಾಲಕರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಅನುಮತಿಯ ಕೋರಿಕೆ ಇತ್ತು. ಮರೆಯಬೇಕೆಂದರೂ ಮರೆಯಲಾಗದು. ನಾನು ತಲೆಯಾಡಿಸಿದೆ. ಅವರು ಕಾಲು ತೋರಿಸಿದರು. ಚುಕ್ಕೆಗಳು ಈಗ ತೊಡೆಯವರೆಗೆ ಏರಿದ್ದವು.

"ಇದು ನಾನು ಇಟ್ಟದ್ದಲ್ಲ," ಎಂದರು ಹಾಜಿಯವರು. "ಒಳಗೆ ಎಂತದೋ ಉಂಟು. ಚರ್ಚೆ ಮತ್ತೆ ಮಾಡುವ, ಈಗ ಆಸ್ಪತ್ರೆಗೆ ಹೋಗುವ."

ಅದು ನುಣುಚಿಕೊಳ್ಳುವ ತಂತ್ರವೆಂದು ಹೇಳಲು ನನ್ನ ಬಳಿ ವಾಕ್ಯ ಸಿದ್ಧವಿತ್ತು. ಅದನ್ನು ನುಂಗಿಕೊಂಡೆ. ಸಭೆಯನ್ನು ಮುಂದೂಡಿ ಅವರ ಜೊತೆ ಹೊರಟೆ.

ಜೀಪನ್ನು ಹಾಜಿಯವರೇ ಓಡಿಸಿದರು. ಚಾಲಕರಿಗೆ ತಮ್ಮ ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ಅಭ್ಯಾಸವಿರಲಿಲ್ಲ.

"ಗೇರು ಹಾಗೆ ಎಳೆಯಬೇಡಿ ಮಾರಾಯ್ರೇ, ಅದಕ್ಕೂ ಜೀವ ಉಂಟು."

"ನೀವು ಸುಮ್ಮನೆ ಕೂತ್ಕೊಳ್ಳಿ. ದುಬೈಯಲ್ಲಿ ಹದಿನಾರು ಚಕ್ರದ್ದು ಓಡಿಸಿದವ ನಾನು."

"ಅಲ್ಲಿ ಹೊಂಡ ಇರ್ಲಿಲ್ಲ ಅಲ್ವಾ!"

ಕುಂಬಳೆಯ ಕ್ಲಿನಿಕ್ಕಿನಲ್ಲಿದ್ದ ವೈದ್ಯೆ ಒಂದು ಗಾಜಿನ ತುಂಡನ್ನು ಚುಕ್ಕೆಗಳ ಮೇಲೆ ಒತ್ತಿ ನೋಡಿದರು. ಕೆಂಪು ಮಾಸಲಿಲ್ಲ. ರಕ್ತ ನಾಳದೊಳಗಿದ್ದರೆ ಒತ್ತಿದಾಗ ಸರಿದು ಬಣ್ಣ ತಿಳಿಯಾಗುತ್ತದೆ, ಹೊರಗೆ ಸೋರಿದ್ದರೆ ಸರಿಯಲು ದಾರಿಯಿಲ್ಲ ಎಂದು ವಿವರಿಸಿದರು. ರಕ್ತಪರೀಕ್ಷೆಯ ಕಾಗದ ಬಂದಾಗ ಅವರ ಧ್ವನಿ ಬದಲಾಯಿತು. ಪ್ಲೇಟ್‌ಲೆಟ್, ಅಂದರೆ ಸೋರುವ ಜಾಗವನ್ನು ಮುಚ್ಚುವ ಕಣಗಳು, ತೀರಾ ಇಳಿದಿದ್ದವು. "ತಲೆಯೊಳಗೆ ಸೋರಿದರೆ ಕಷ್ಟ. ಇವತ್ತೇ ಮಂಗಳೂರಿಗೆ ಕರೆದುಕೊಂಡು ಹೋಗಿ. ಗಾಡಿ ಹೊಂಡಕ್ಕೆ ಹಾಕಬೇಡಿ."

ಈ ಸಲ ಚಾಲಕರು ಗೇರಿನ ವಿಚಾರ ಎತ್ತಲಿಲ್ಲ. ಅವರ ಮನೆಯವರಿಗೆ ನಾನೇ ಫೋನು ಮಾಡಿದೆ.

ಸ್ವಂತ ದೇಹವೇ ಆ ಕಣಗಳನ್ನು ನಾಶಮಾಡುವ ಕಾಯಿಲೆ ಎಂದು ಮಂಗಳೂರಿನಲ್ಲಿ ತಿಳಿಯಿತು. ಮಾತ್ರೆಗಳು ಕೆಲಸ ಮಾಡಿದವು. ಮೊದಲ ವಾರ ಹಾಸಿಗೆ ಬಿಟ್ಟು ಏಳಲೂ ಬಿಡಲಿಲ್ಲ, ಮೂರನೆಯ ವಾರ ಮನೆಗೆ ಕಳುಹಿಸಿದರು. ಹಳೆಯ ಕಲೆಗಳು ಹಸಿರಾಗಿ, ಹಳದಿಯಾಗಿ ಅಳಿದವು. ಹೊಸತು ಏಳಲಿಲ್ಲ.

ಬಟ್ಟಲು ಸೊಂಟನೋವನ್ನು ವಾಸಿಮಾಡುತ್ತದೆ ಎಂಬುದನ್ನು ನಾನು ಅಂದೂ ಒಪ್ಪಿರಲಿಲ್ಲ, ಇಂದೂ ಒಪ್ಪುವುದಿಲ್ಲ. ಅಂಥ ರಕ್ತವಿರುವವರಿಗೆ ಅದು ಅಪಾಯಕರವೆಂದೂ ವೈದ್ಯೆ ಹೇಳಿದರು. ಹೀಗೆ ವಿಷಯದಲ್ಲಿ ನನ್ನ ನಿಲುವು ಸರಿಯಾಗಿಯೇ ಇತ್ತು. ನನ್ನ ಎದುರು ನಿಂತಿದ್ದ ಮನುಷ್ಯನ ವಿಷಯದಲ್ಲಿ ತಪ್ಪಿತ್ತು. ಇವೆರಡೂ ಒಟ್ಟಿಗೆ ನಿಜವಾಗಿರಬಹುದೆಂದು ಯಾವ ಚರ್ಚಾಸ್ಪರ್ಧೆಯೂ ನನಗೆ ಕಲಿಸಿರಲಿಲ್ಲ.

ಮುಂದೂಡಿದ ಸಭೆ ಎರಡು ತಿಂಗಳ ನಂತರ ನಡೆಯಿತು. ನಾನು ಮೊದಲು ಎದ್ದು, ಚಾಲಕರು ಕಾಲು ತೋರಿಸಿದ್ದನ್ನೂ ನಾನು ಅದನ್ನು ಮುಚ್ಚಿಸಿದ್ದನ್ನೂ ಯಾವ ಅಲಂಕಾರವೂ ಇಲ್ಲದೆ ಹೇಳಿದೆ.

"ಈಗ ಯಾರಿಗೆ ಚಪ್ಪಾಳೆ ಹೊಡೀಬೇಕು ಮಾಷ್ಟ್ರೇ?" ಎಂದು ಹಿಂದಿನ ಬೆಂಚಿನಿಂದ ಯಾರೋ ಚುಚ್ಚಿದರು.

"ನನಗೆ ಹೊಡೀರಿ," ಎಂದರು ಚಾಲಕರು. "ಸೂಜಿ ಚುಚ್ಚಿಸಿಕೊಂಡವ ನಾನು."

ನಗು ಇಳಿದ ಮೇಲೆ ನಾನು ಒಂದು ಹೊಸ ನಿಯಮ ಮಂಡಿಸಿದೆ: ಯಾವ ಪಕ್ಷದವರೇ ಆಗಲಿ, ತಮ್ಮ ವಾದಕ್ಕೆ ಒಗ್ಗದ ಸಂಗತಿಯೊಂದು ಗೊತ್ತಿದ್ದರೆ ಅದನ್ನೇ ಮೊದಲು ಹೇಳಬೇಕು. ಸಭಿಕರು ಕೈ ಎತ್ತಿ ಒಪ್ಪಿದರು. ಹಾಜಿಯವರು ಎದ್ದು ಅತ್ತರಿನ ಘಮದೊಂದಿಗೆ ಮೇಜಿನ ಬಳಿ ಬಂದರು. ಬಟ್ಟಲಿನ ಪರವಾಗಿ ಮಾತನಾಡಬೇಕಾಗಿದ್ದ ಅವರು ಆರಂಭಿಸಿದ್ದು ಹೀಗೆ:

"ಅವತ್ತು ಬಟ್ಟಲು ಇಡುವ ಮೊದಲು ನಾನೂ ಕಾಲು ನೋಡಿರಲಿಲ್ಲ. ಹಲ್ಲಿನ ವಿಷಯ ಕೇಳಿರಲಿಲ್ಲ. ಈಗ ಕೇಳ್ತೇನೆ. ಸಂಶಯ ಬಂದ ಇಬ್ಬರನ್ನು ಬಟ್ಟಲು ಇಡದೆ ಡಾಕ್ಟರ ಹತ್ತಿರ ಕಳಿಸಿದ್ದೇನೆ."