ಅಕ್ಕನನ್ನು ಕಸಿದುಕೊಂಡ ಪಕ್ಕದ ಮನೆ

ನಾನು ಚಿಕ್ಕವಳಿದ್ದಾಗ ನನಗೆ ಹೊಟ್ಟೆಕಿಚ್ಚು ಜಾಸ್ತಿ. ಈಗಲೂ ಹಾಗೇ ಇದ್ದಾಳೆ ಎಂದು ನಿಮ್ಮ ತಾತ ಹೇಳಿದರೆ ನಂಬಬೇಡಿ, ಸ್ವಲ್ಪ ಕಡಿಮೆಯಾಗಿದೆ. ಆಗ ಮಾತ್ರ ಒಬ್ಬಳ ಮೇಲೆ ಎಷ್ಟಿತ್ತೆಂದರೆ, ಅವಳ ಹೆಸರನ್ನೂ ಬಾಯಲ್ಲಿ ಹೇಳುತ್ತಿರಲಿಲ್ಲ. ‘ಅವಳು’ ಎನ್ನುತ್ತಿದ್ದೆ. ಯಾರೆಂದು ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾವು ಡಾಲಸ್ ಹತ್ತಿರದ ಲಿಟಲ್ ಎಲ್ಮ್‌ಗೆ ಹೊಸದಾಗಿ ಶಿಫ್ಟ್ ಆಗಿದ್ದೆವು. ಬೀದಿಯಲ್ಲಿ ಅರ್ಧ ಮನೆಗಳಿಗೆ ಇನ್ನೂ ಗೋಡೆ ಎದ್ದಿರಲಿಲ್ಲ. ಗಾಳಿ ಬೀಸಿದರೆ ಕೆರೆಯ ವಾಸನೆಯೂ ಹಸಿ ಹಲಗೆಯ ವಾಸನೆಯೂ ಕೂಡಿ ಬರುತ್ತಿದ್ದವು. ಅಪ್ಪ ಬೆಳಗ್ಗೆಯೇ ಲಾಸ್ ಕೊಲಿನಾಸ್‌ನ ಆಫೀಸಿಗೆ ಹೊರಟರೆ ಬರುವುದು ಕತ್ತಲಾದ ಮೇಲೆ. ಅಮ್ಮನಿಗೆ ಅಡುಗೆಮನೆ, ಫೋನು. ನನಗೆ ಇದ್ದವಳು ಅಕ್ಕ ಒಬ್ಬಳೇ. ನನ್ನ ಜಡೆ ಹೆಣೆಯುವವಳು ಅವಳು, ಜೊತೆಗೆ ಆಡುವವಳು ಅವಳು, ಬೈಯುವವಳೂ ಅವಳೇ. ಎಂಟು ವರ್ಷದ ನನ್ನ ಲೆಕ್ಕದಲ್ಲಿ ಹದಿಮೂರು ವರ್ಷದ ಅಕ್ಕ ಇದ್ದದ್ದೇ ನನಗಾಗಿ.

ಆಗ ಪಕ್ಕದ ಮನೆಗೆ ಅವರು ಬಂದರು. ಅಂಕಲ್, ಆಂಟಿ, ಎಂಟು ಮಕ್ಕಳು. ಹುಡುಗಿಯರದ್ದೆಲ್ಲ ಕಾಲು ಮುಚ್ಚುವ ಲಂಗ, ಉದ್ದ ಜಡೆ. ಎರಡನೆಯವಳೇ ‘ಅವಳು’, ಅಕ್ಕನದೇ ವಯಸ್ಸು. ಅವರ ಗ್ಯಾರೇಜಿನಲ್ಲಿ ಕಾರು ನಿಲ್ಲಿಸುತ್ತಿರಲಿಲ್ಲ. ವರ್ಷಕ್ಕಾಗುವಷ್ಟು ಗೋಧಿಯ ಡಬ್ಬಗಳು, ಪೀಚ್ ಹಣ್ಣಿನ ಬಾಟಲಿಗಳು ಸೂರಿನವರೆಗೆ ಪೇರಿಸಿಟ್ಟಿದ್ದರು. ಆಂಟಿ ಮನೆಯಲ್ಲೇ ಗೋಧಿ ಬೀಸಿ ಬ್ರೆಡ್ ಸುಡುತ್ತಿದ್ದರು. ಆ ಘಮ ಬೇಲಿ ದಾಟಿ ಬಂದಾಗಲೆಲ್ಲ ಅಕ್ಕ ಮೂಗರಳಿಸಿಕೊಂಡು ಅತ್ತ ನಡೆಯುತ್ತಿದ್ದಳು.

ಅವರು ಮಾರ್ಮನ್ನರು, ಕ್ರೈಸ್ತರಲ್ಲೇ ಒಂದು ಪಂಥದವರು. ಆದರೆ ಊರಿನ ದೊಡ್ಡ ಮಾರ್ಮನ್ ಚರ್ಚಿಗೆ ಹೋಗುವವರಲ್ಲ. ಅದರಿಂದ ಯಾವಾಗಲೋ ಒಂದು ಗುಂಪು ಬೇರೆಯಾಗಿತ್ತಂತೆ, ಆ ಗುಂಪಿನಿಂದ ಇನ್ನೊಂದು ಒಡೆದಿತ್ತಂತೆ, ಅದರಿಂದ ಸಿಡಿದು ಬಂದವರು ಇವರು. ಇವರ ಚರ್ಚಿನ ಜನರೆಲ್ಲ ಸೇರಿದರೂ ಮೂವತ್ತು ಮೂವತ್ತೈದು ಇದ್ದಾರು. ತಿಂಗಳಿಗೊಂದು ಭಾನುವಾರ ಹ್ಯೂಸ್ಟನ್‌ನಿಂದ, ಆಸ್ಟಿನ್‌ನಿಂದ ವ್ಯಾನುಗಳಲ್ಲಿ ಬಂದು ಪಕ್ಕದ ಮನೆಯ ಹಾಲ್‌ನಲ್ಲೇ ಪ್ರಾರ್ಥನೆ ಮಾಡುತ್ತಿದ್ದರು. ಬ್ರೆಡ್ಡಿನ ಚೂರು, ಪುಟ್ಟ ಲೋಟಗಳಲ್ಲಿ ನೀರು ಪ್ರಸಾದದ ಹಾಗೆ ಕೈಯಿಂದ ಕೈಗೆ ಹೋಗುತ್ತಿದ್ದವು. ವಾದ್ಯವಿಲ್ಲದೆ ಹಾಡುತ್ತಿದ್ದರು. ಆ ಹಾಡಿಗೆ ಕೆಳದನಿಯ ಹುಡುಗಿ ಒಬ್ಬಳು ಬೇಕಿತ್ತು. ಅಕ್ಕ ಸಂಗೀತದ ಕ್ಲಾಸಿಗೆ ಹೋಗುತ್ತಿದ್ದದ್ದು ಅವಳಿಗೆ ಗೊತ್ತಾಯಿತು. ಮುಗಿಯಿತು ಕಥೆ.

ಅಂದಿನಿಂದ ಅಕ್ಕ ಜಡೆಯನ್ನು ಅವಳ ಹಾಗೆ ಹೆಣೆದುಕೊಂಡಳು. ನನ್ನ ಜೊತೆ ಆಡುವುದು ಬಿಟ್ಟು, ಮಂಚದ ಮೇಲೆ ಕೂತು ಅವರ ಹಾಡು ಗುನುಗುತ್ತಿದ್ದಳು. ಅಷ್ಟು ದೊಡ್ಡ ಸಂಸಾರ ಮನೆಯಲ್ಲೇ ಇಟ್ಟುಕೊಂಡು, ನಮ್ಮ ಮನೆಯಲ್ಲಿದ್ದ ಒಬ್ಬಳೂ ಅವಳಿಗೇ ಬೇಕಿತ್ತೇ? ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಅಮ್ಮನ ಹತ್ತಿರ ದೂರು ಹೇಳಿದರೆ, “ಹಾಡೋಕೆ ತಾನೇ ಹೋಗಿರೋದು, ಬಂದ್ಬಿಡ್ತಾಳೆ ಸುಮ್ನಿರೇ” ಎಂದುಬಿಡುತ್ತಿದ್ದರು.

ನಾನು ಹೇಳಹೊರಟದ್ದು ಅವರೆಲ್ಲ ಪ್ರಾರ್ಥನೆಗೆ ಸೇರಿದ್ದ ಒಂದು ಚಳಿಗಾಲದ ಭಾನುವಾರದ ಕಥೆ. ಉತ್ತರದ ಗಾಳಿ ಬೀಸಿ ಹುಲ್ಲಿನ ಮೇಲೆಲ್ಲ ಗಾಜಿನಂಥ ಹಿಮ ಕಟ್ಟಿತ್ತು. ಅವರ ಮನೆಯ ಕೊನೆಯ ಮಗುವಿಗೆ ವಾರದಿಂದ ಕೆಮ್ಮು. ಅವರು ಕಾಫಿ, ಟೀ ಮುಟ್ಟುವುದಿಲ್ಲ ಎಂದು ಅಮ್ಮನಿಗೆ ಗೊತ್ತಿತ್ತು. ಮನೆಗೆ ಬಂದವರಿಗೆ ಕಾಫಿ ಕೊಡಲಾಗದೆ ಅಮ್ಮ ಎಷ್ಟೋ ಸಲ ಕೈ ಕೈ ಹಿಸುಕಿಕೊಂಡಿದ್ದರು. ಆ ದಿನ ಅಮ್ಮನಿಗೊಂದು ಉಪಾಯ ಹೊಳೆಯಿತು. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಚೂರು ಮೆಂತ್ಯ ಹುರಿದು ಪುಡಿ ಮಾಡಿ, ಬೆಲ್ಲ ಹಾಲು ಹಾಕಿ ಕಷಾಯ ಕುದಿಸಿದರು. ಮನೆಯೆಲ್ಲ ಘಂ ಎಂದಿತು.

“ಇದ್ರಲ್ಲಿ ಕಾಫಿ ಇಲ್ಲ, ಟೀ ಇಲ್ಲ, ಏನೂ ದೋಷ ಇಲ್ಲ ಅಂತ ಹೇಳು,” ಎಂದು ಹಾಡಲು ಹೊರಟಿದ್ದ ಅಕ್ಕನ ಕೈಗೆ ಫ್ಲಾಸ್ಕ್ ಕೊಟ್ಟರು. ನಾನೂ ಬರುತ್ತೇನೆ ಎಂದು ಹಟ ಹಿಡಿದು ಲೋಟಗಳನ್ನು ಎತ್ತಿಕೊಂಡೆ.

ಅಲ್ಲಿ ಒಂದು ಹಾಡು ಮುಗಿದಿತ್ತು. ಆಂಟಿ ಅಮ್ಮನ ಅಕ್ಕರೆ ಕಂಡು ಕಣ್ಣು ತುಂಬಿಕೊಂಡರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಲೋಟಕ್ಕೆ ಕಷಾಯ ಬಗ್ಗಿಸಿದರು. ಹಬೆ ಎದ್ದಿತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಹ್ಯೂಸ್ಟನ್ನಿನ ಅಜ್ಜ ಕೈ ಎತ್ತಿ ಬೇಡ ಎಂದರು. ಅವರು ಆ ಪುಟ್ಟ ಚರ್ಚಿನ ಹಿರಿಯರು, ಆಂಟಿಯ ಸ್ವಂತ ಅಪ್ಪ.

ಅವರ ಗ್ರಂಥದಲ್ಲಿ ಬಿಸಿ ಪಾನೀಯ ಕೂಡದು ಎಂದಿದೆಯಂತೆ. ಹಾಗೆಂದರೆ ಕಾಫಿ, ಟೀ ಮಾತ್ರ ಎಂದು ದೊಡ್ಡ ಚರ್ಚಿನವರ ತಿಳಿವಳಿಕೆ. ಅಜ್ಜ ಮಾತ್ರ ಬಿಸಿ ಎಂದರೆ ಬಿಸಿ ಎನ್ನುವವರು. ಹಿಂದಿನ ಗುಂಪು ಬಿಸಿ ಚಾಕೊಲೇಟ್ ಕುಡಿಯುತ್ತದೆ ಎಂದೇ ಅದನ್ನು ಬಿಟ್ಟು ಬಂದವರು. ಇದು ಬರೀ ಕೊತ್ತಂಬರಿ, ಅಪ್ಪಾ, ಮಗುವಿಗೆ ಔಷಧಿ ಎಂದರು ಆಂಟಿ. ಆರಿಸಿ ಕೊಟ್ಟರಾಯಿತಲ್ಲ ಎಂದರು ಆಸ್ಟಿನ್ನಿನವರೊಬ್ಬರು. ಕುದಿಸಿದ ಮೇಲೆ ಆರಿದರೂ ಅದು ಬಿಸಿ ಪಾನೀಯವೇ ಎಂದರು ಇನ್ನೊಬ್ಬರು. ಯಾರೂ ಕಿರುಚಲಿಲ್ಲ. ತಗ್ಗಿದ ದನಿಯಲ್ಲೇ ಮಾತು ಬೆಳೆಯುತ್ತ ಹೋಯಿತು, ಕಷಾಯವನ್ನು ದಾಟಿ, ಈ ಮನೆಯಲ್ಲಿ ದೇವರ ಮಾತನ್ನು ಹೇಳುವವರು ಯಾರು ಎನ್ನುವಲ್ಲಿಗೆ ಬಂದು ನಿಂತಿತು. ಈ ನಡುವೆ ಕಷಾಯ ಆರಿ ತಣ್ಣಗಾಗಿತ್ತು. ಮಗು ತಾನೇ ಲೋಟ ಎತ್ತಿ ಗಟಗಟ ಕುಡಿದು ಬಾಯಿ ಒರೆಸಿಕೊಂಡಿತು.

ಅಜ್ಜ ಎದ್ದು ಹ್ಯಾಟು ತೆಗೆದುಕೊಂಡರು. ಮೊಮ್ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಹಣೆಗೆ ಮುತ್ತಿಟ್ಟರು. ಮಗಳ ಮುಖ ಮಾತ್ರ ನೋಡಲಿಲ್ಲ. ಅವರ ಹಿಂದೆ ಹ್ಯೂಸ್ಟನ್ನಿನವರೆಲ್ಲ ಹೊರಟರು. ಹೋದವರಲ್ಲಿ ಅವಳ ಕಸಿನ್ ಒಬ್ಬಳಿದ್ದಳು. ಹಾಡಿನಲ್ಲಿ ಮೇಲುದನಿ ಆ ಕಸಿನ್‌ದೇ.

ನನಗೋ, ಹಾಲು ಕುಡಿದಷ್ಟು ಸಂತೋಷ. ಚರ್ಚು ಒಡೆಯಿತು, ಹಾಡು ನಿಂತಿತು, ಇನ್ನು ಅಕ್ಕ ನನ್ನವಳು ಎಂದುಕೊಂಡೆ. ಆದರೆ ‘ಅವಳು’ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅಕ್ಕ ಅವಳನ್ನು ತಬ್ಬಿಕೊಂಡೇ ನನ್ನ ಕಡೆ ತಿರುಗಿ, “ನೀನು ಮನೆಗೆ ಹೋಗು, ಐ ವಿಲ್ ಕಮ್ ಲೇಟರ್,” ಎಂದಳು. ನನಗೆ ಜ್ವರ ಬಂದಾಗಲೂ ಅಕ್ಕ ನನ್ನನ್ನು ಹಾಗೆ ತಬ್ಬಿಕೊಂಡಿರಲಿಲ್ಲ. ದಾರಿಯುದ್ದಕ್ಕೂ ಲೋಟಗಳನ್ನು ಒಂದಕ್ಕೊಂದು ಕುಟ್ಟಿಕೊಂಡು ಬಂದೆ.

ಸುದ್ದಿ ಕೇಳಿ ಅಮ್ಮ ಒಲೆಯ ಮುಂದೆಯೇ ಕುಸಿದು ಕೂತರು. “ನಾನು ಕೊಟ್ಟ ಒಂದು ಲೋಟ ಕಷಾಯಕ್ಕೆ ಅಪ್ಪ ಮಗಳು ದೂರ ಆದ್ರಲ್ರೀ,” ಎಂದು ಹಲುಬಿದರು. ಅಪ್ಪ ಪೇಪರ್ ಮಡಿಸಿಟ್ಟು, “ನಮ್ಮಲ್ಲಿ ಇನ್ನೇನು? ಮೈಸೂರಲ್ಲಿ ನಮ್ಮನೆ ಏಕಾದಶಿ ಒಂದಿನ, ಎದುರುಮನೆ ದೊಡ್ಡಪ್ಪಂದು ಮಾರನೇ ದಿನ. ಆರು ತಿಂಗಳು ಮಾತೇ ಇರ್ಲಿಲ್ಲ,” ಎಂದರು. ಅಮ್ಮನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಸಂಜೆಗೆ ಅಕ್ಕ ಬಂದಳು, ಜೊತೆಯಲ್ಲಿ ಅವಳು. ಕಣ್ಣು ಊದಿತ್ತು, ಕೈಯಲ್ಲಿ ತೊಳೆದ ಫ್ಲಾಸ್ಕ್. ಅಮ್ಮನಿಗೆ ಥ್ಯಾಂಕ್ಸ್ ಹೇಳಿದಳು, ತಮ್ಮ ಕೆಮ್ಮದೆ ಮಲಗಿದ್ದಾನೆ ಎಂದಳು. ಆಮೇಲೆ ನನ್ನತ್ತ ತಿರುಗಿ, ಹಾಡಿಗೆ ಈಗ ಜನವೇ ಇಲ್ಲ, ಮೇಲುದನಿಗೆ ನೀನು ಬರುತ್ತೀಯಾ ಎಂದು ಕೇಳಿದಳು.

“ಇವಳಿಗೆ ಏನೂ ಬರಲ್ಲ,” ಎಂದು ಅಕ್ಕ ಇಂಗ್ಲಿಷಿನಲ್ಲಿ ತಟ್ಟನೆ ಹೇಳಿದಳು.

ಬರದೇ ಏನು? ತಿಂಗಳುಗಟ್ಟಲೆ ಹಲ್ಲು ಕಚ್ಚಿಕೊಂಡು ಅದೇ ಹಾಡುಗಳನ್ನು ಕೇಳಿದ್ದೆ. ಅಲ್ಲೇ ಬಾಗಿಲಲ್ಲಿ ನಿಂತು ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡಿಬಿಟ್ಟೆ. ಅವಳು ಅತ್ತು ಊದಿದ ಕಣ್ಣಲ್ಲೇ ನಕ್ಕು ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬೆಚ್ಚಗಿತ್ತು, ಬ್ರೆಡ್ಡಿನ ವಾಸನೆ ಬರುತ್ತಿತ್ತು. ನಾನು ಅಕ್ಕನ ಕಡೆ ನೋಡಿದೆ. ಅಕ್ಕನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ಅಕ್ಕ ನೋಡುತ್ತಿದ್ದದ್ದು ನಮ್ಮಿಬ್ಬರ ಕೈಗಳನ್ನು. ಪಾಪ ಎನ್ನಿಸಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಆ ಕೈ ಬಿಡಲಿಲ್ಲ.

ಅಜ್ಜ ಆ ಮನೆಗೆ ಮತ್ತೆ ಬಂದದ್ದನ್ನು ನಾನಂತೂ ಕಾಣಲಿಲ್ಲ. ಉಳಿದವರ ಜೊತೆ ನಾವಿಬ್ಬರೂ ಮೂರು ವರ್ಷ ಹಾಡಿದೆವು, ಅವಳ ಎಡಕ್ಕೊಬ್ಬಳು, ಬಲಕ್ಕೊಬ್ಬಳು.

ಮಕ್ಕಳೇ, ನಿಮ್ಮಿಬ್ಬರನ್ನೂ ನೋಡುತ್ತಿರುತ್ತೇನೆ. ನಿಮಗೆ ಒಬ್ಬೊಬ್ಬರಿಗೂ ಒಂದೊಂದು ಕೋಣೆ, ಒಂದೊಂದು ಬಾಗಿಲು. ನಿಮ್ಮ ಗೆಳೆಯರು ಎಲ್ಲೆಲ್ಲಿಯೋ ಇರುತ್ತಾರೆ, ಗೋಡೆಯ ಪರದೆಯ ಮೇಲೆ ಬಂದು ಮಾತಾಡಿ ಹೋಗುತ್ತಾರೆ. ಅಣ್ಣ ಎಲ್ಲಿ ಹೋದ ಎಂದು ತಂಗಿಯನ್ನು ಕೇಳಿದರೆ, “ಐ ಡೋಂಟ್ ನೋ, ಅಜ್ಜಿ,” ಎನ್ನುತ್ತಾಳೆ. ನೀವು ಕಚ್ಚಾಡುವುದಿಲ್ಲ, ಒಳ್ಳೆಯ ಮಕ್ಕಳು. ನಾನು ಒಳ್ಳೆಯ ಮಗುವಾಗಿರಲಿಲ್ಲ. ಅಕ್ಕ ಎಲ್ಲಿದ್ದಾಳೆ, ಯಾರ ಪಕ್ಕ ಕೂತಿದ್ದಾಳೆ, ಯಾವಾಗ ಬರುತ್ತಾಳೆ ಎಂದು ನನಗೆ ಗಳಿಗೆ ಗಳಿಗೆಗೂ ಗೊತ್ತಿರುತ್ತಿತ್ತು.

ಈಗ ಅಕ್ಕ ಆಸ್ಟಿನ್‌ನಲ್ಲಿ, ನಾನು ಇಲ್ಲಿ. ಭಾನುವಾರ ಬೆಳಗ್ಗೆ ಕಾಫಿ ಕುಡಿದು ಫೋನ್ ಮಾಡಿದರೆ ಲೈನು ಯಾವಾಗಲೂ ಎಂಗೇಜ್. ಅಕ್ಕ ‘ಅವಳ’ ಜೊತೆ ಮಾತಾಡುತ್ತಿರುತ್ತಾಳೆ. ನಾನು ಫೋನ್ ಕೆಳಗಿಡುತ್ತೇನೆ, ಐದು ನಿಮಿಷ ಬಿಟ್ಟು ಮತ್ತೆ ಮಾಡುತ್ತೇನೆ, ಹೊಟ್ಟೆ ಉರಿಯುತ್ತಲೇ ಇರುತ್ತದೆ.